ಲೋಬಾನದ ಹೊಗೆ, ಹಳದಿ ದೀಪ

ನಿವೃತ್ತನಾದ ಮೇಲೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ, ಹೊತ್ತು ಹೇಗೆ ಹೋಗುತ್ತದೆ ಎಂದು. ಹೊತ್ತು ತಾನಾಗಿಯೇ ಹೋಗುತ್ತದೆ, ಅದಕ್ಕೆ ನನ್ನ ಸಹಾಯ ಬೇಕಿಲ್ಲ. ಹುಬ್ಬಳ್ಳಿಯ ಎಂಜಿನಿಯರಿಂಗ್ ಕಾಲೇಜೊಂದರ ಎಲೆಕ್ಟ್ರಾನಿಕ್ಸ್ ವಿಭಾಗದಲ್ಲಿ ನಾನು ಲ್ಯಾಬ್ ಇನ್‌ಸ್ಟ್ರಕ್ಟರ್ ಆಗಿದ್ದೆ. ನಮ್ಮೂರು ಸಂಶಿಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಈಗ ಆ ಕೆಲಸಕ್ಕೆ ಹೊಸದಾಗಿ ಸೇರಿದವರು ಫೋನ್ ಮಾಡಿ, ‘ಸರ್, ಈ ಫಜಿ ಲಾಜಿಕ್ ಅಂದ್ರ ಏನ್ರಿ? ಸ್ಲೈಡ್ ನೋಡಿದ್ರ ತಲಿಗೆ ಹತ್ತವಲ್ದು’ ಎನ್ನುತ್ತಾರೆ. ಸ್ಲೈಡ್ ನೋಡಿ ಯಾರ ತಲೆಗೂ ಹತ್ತಿದ್ದನ್ನು ನಾನು ಕಂಡಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನನಗೆ ಬಡ್ತಿ ಯಾವಾಗ ಬಂತು, ಯಾರು ತಡೆದರು ಎಂಬ ಪುರಾಣ ಇಲ್ಲಿಲ್ಲ. ಅದರಿಂದ ನಿಮಗೇನೂ ಆಗಬೇಕಾದ್ದೂ ಇಲ್ಲ.

ನಮ್ಮ ಕೆಲಸ ಏನೆಂದು ಮೊದಲೇ ಹೇಳಿಬಿಡುತ್ತೇನೆ. ಪ್ರೊಫೆಸರರು ಬೋರ್ಡಿನ ಮೇಲೆ ಬರೆದದ್ದು ಏಣಿಯ ಮೇಲೆ ಏನಾಗುತ್ತದೆ ಎಂದು ನೋಡುವುದೇ ನಮ್ಮ ಕೆಲಸ. ಬೋರ್ಡಿನ ಮೇಲೆ ಸೆನ್ಸರ್ ಒಂದು ಸಣ್ಣ ಸೊನ್ನೆ. ಏಣಿಯ ಮೇಲೆ ಅದು ಒಂದು ಹಳದಿ ಡಬ್ಬಿ. ಅದರೊಳಗೆ ಜೇಡ ಗೂಡು ಕಟ್ಟಿರುತ್ತದೆ, ಬ್ಯಾಟರಿಯ ತುದಿಗೆ ಹಸಿರು ಕಿಲುಬು ಹಿಡಿದಿರುತ್ತದೆ, ಹಿಡಿದು ನಿಲ್ಲಲು ಜಾಗವಿರುವುದಿಲ್ಲ. ಬೆಸುಗೆ ಹಾಕಲು ಕಲಿಯಿರಿ, ಏಣಿ ಹತ್ತಲು ಹೆದರಬೇಡಿ, ಉಳಿದದ್ದು ತಾನಾಗಿ ಬರುತ್ತದೆ.

ನನ್ನ ವೃತ್ತಿಯಲ್ಲಿ ನಾನು ಮರೆಯಲಾರದ ಕೆಲಸವೆಂದರೆ ಅಣ್ಣಿಗೇರಿಯ ಒಂದು ಜಿನ್ನಿಂಗ್ ಮಿಲ್ಲಿನದು. ಹೊಲದಿಂದ ಬಂದ ಹತ್ತಿಯಿಂದ ಬೀಜ ಬೇರೆ ಮಾಡಿ, ಉಳಿದ ಅರಳೆಯನ್ನು ಯಂತ್ರದಲ್ಲಿ ಒತ್ತಿ, ಕಬ್ಬಿಣದ ಪಟ್ಟಿ ಬಿಗಿದು ಬೇಲ್ ಕಟ್ಟುವ ಕಾರ್ಖಾನೆ ಅದು. ಹತ್ತಿಯ ಜೊತೆ ಒಂದು ಹರಳುಗಲ್ಲು ಯಂತ್ರದೊಳಗೆ ಸಿಕ್ಕರೆ ಕಿಡಿ ಹಾರುತ್ತದೆ. ಆ ಕಿಡಿ ಅರಳೆಯೊಳಗೆ ಸೇರಿ ಬೇಲಿನಲ್ಲಿ ಒತ್ತಿಹೋದರೆ ಆರುವುದೂ ಇಲ್ಲ, ಉರಿಯುವುದೂ ಇಲ್ಲ. ಹೊರಗಿನಿಂದ ಬೇಲು ಬೆಳ್ಳಗೆ ಕಾಣುತ್ತಿರುತ್ತದೆ, ಒಳಗೆ ದಿನಗಟ್ಟಲೆ ಬೂದಿ ಮುಚ್ಚಿದ ಕೆಂಡ. ಗಾಳಿ ತಾಗಿದ ದಿನ ಗೋದಾಮೇ ಹೋಗುತ್ತದೆ. ವೈರು ಎಳೆದರೆ ಇಲಿ ಕಡಿಯುತ್ತದೆ ಎಂದು, ವೈರಿಲ್ಲದೆ ತಮ್ಮತಮ್ಮೊಳಗೆ ರೇಡಿಯೊದಲ್ಲಿ ಮಾತಾಡುವ ಡಬ್ಬಿಗಳನ್ನು ಗೋದಾಮಿನ ತುಂಬ ಕೂರಿಸುವ ಕೆಲಸ ನಮ್ಮ ವಿಭಾಗಕ್ಕೆ ಬಂತು.

ಆಗಿನ ವಿಭಾಗದ ಮುಖ್ಯಸ್ಥರು ಗಡಿಯಾರದಂಥ ಮನುಷ್ಯ. ಲ್ಯಾಬಿಗೆ ಒಂದು ನಿಮಿಷ ತಡವಾದರೂ ಬಾಗಿಲು ಹಾಕಿಸುತ್ತಿದ್ದರು. ಡಬ್ಬಿಗಳಿಗೂ ಅದೇ ಶಿಸ್ತು ಕಲಿಸಿದರು. ನಲವತ್ತೈದು ಡಿಗ್ರಿ ದಾಟಿದರೆ ಬೆಂಕಿ, ದಾಟದಿದ್ದರೆ ಸುರಕ್ಷಿತ. ಹೊಗೆಗೂ ಹಾಗೇ ಒಂದು ಗೆರೆ. ಕಾಗದದ ಮೇಲೆ ಚೊಕ್ಕ ಕೆಲಸ. ಆದರೆ ಅಣ್ಣಿಗೇರಿಯಲ್ಲಿ ಶಿವರಾತ್ರಿ ಕಳೆದ ಮೇಲೆ ತಗಡಿನ ಸೂರಿನ ಕೆಳಗೆ ನಲವತ್ತೈದು ಎಂಬುದು ದೊಡ್ಡ ಮಾತಲ್ಲ. ಸೂರ್ಯ ನೆತ್ತಿಗೆ ಬಂದ ಕೂಡಲೇ ಸೈರನ್ ಕೂಗುತ್ತಿತ್ತು. ಮೊದಮೊದಲು ಹಮಾಲರು ಓಡಿಬಂದರು. ಆಮೇಲೆ ನಡೆದುಬಂದರು. ಕೊನೆಗೆ ಸೈರನ್ ಕೂಗಿದರೆ ಬುತ್ತಿ ಬಿಚ್ಚಿಕೊಂಡು ಬೇವಿನ ಮರದ ಕೆಳಗೆ ಊಟಕ್ಕೆ ಕೂತರು. ‘ಊಟದ ಗಂಟಿ ಆತು, ಬರ್ರಿ’ ಎಂದು ನನ್ನನ್ನೂ ಕರೆಯುತ್ತಿದ್ದರು. ಅವರ ರೊಟ್ಟಿ, ಶೇಂಗಾ ಚಟ್ನಿ ಚೆನ್ನಾಗಿರುತ್ತಿದ್ದವು. ನಗು ಬರುತ್ತಿತ್ತು, ಭಯವೂ ಆಗುತ್ತಿತ್ತು.

ಆ ಭಯಕ್ಕೆ ಕಾರಣ ಮೌಲಾಸಾಬರು ಹೇಳಿದ ಒಂದು ಸಂಗತಿ. ಅವರು ಹಮಾಲರ ಮುಕಾದಮ. ಯಾರು ಯಾವ ಬೇಲು ಹೊರಬೇಕು, ಯಾವ ಸಾಲು ಮೊದಲು ಇಳಿಯಬೇಕು, ಎಲ್ಲ ಅವರ ಮಾತಿನಂತೆ. ಅವರ ತಮ್ಮ ಬಾಬು ಬೇರೆ ಊರಿನ ಮಿಲ್ಲಿನಲ್ಲಿ ಹಮಾಲನಾಗಿದ್ದ. ಅಲ್ಲಿಯೂ ಸೈರನ್ ಸುಮ್ಮಸುಮ್ಮನೆ ಕೂಗುತ್ತಿತ್ತಂತೆ. ಒಂದು ದಿನ ನಿಜವಾಗಿ ಕೂಗಿದಾಗ ಯಾರೂ ಏಳಲಿಲ್ಲ. ಬಾಬುವಿನ ಎರಡೂ ಕೈ ಸುಟ್ಟವು, ಬೆರಳು ಮಡಚಲು ಬಾರದಂತಾದವು. ಮೌಲಾಸಾಬರು ಈ ವಿಷಯ ಹೇಳಿದ್ದು ಒಂದೇ ಸಲ, ಅದೂ ನಾನು ಏಣಿಯ ಮೇಲಿದ್ದಾಗ, ಕೆಳಗಿನಿಂದ. ಹೇಳಿ ಮುಗಿಸಿ, ಹೀಗೆಂದರು.

‘ಗುರುಸಿದ್ದಪ್ಪಾರ, ನಿಮ್ಮ ಡಬ್ಬಿ ನೀವು ಹಚ್ಚಕೋರಿ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಸುಳ್ಳ ಹೇಳೂ ಯಂತ್ರದ ಮಾತಿಗೆ ನನ್ನ ಮಂದೀನ ಒಳಗ ಕಳಸಂಗಿಲ್ಲ, ಹೊರಗೂ ಕರಸಂಗಿಲ್ಲ. ಅದು ಕೂಗಿದ್ರ ಕೂಗಲಿ.’

ಅವರು ಹಾಗೆ ಹೇಳಿದ ಮೇಲೆ ನಮ್ಮ ಡಬ್ಬಿಗಳು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಇಲ್ಲದಿದ್ದರೇ ಒಳ್ಳೆಯದು ಎಂದೂ ನನಗೆ ಅನಿಸುತ್ತಿತ್ತು. ಏನೂ ಇಲ್ಲದ ಕಡೆ ಮನುಷ್ಯ ತನ್ನ ಮೂಗನ್ನಾದರೂ ನಂಬುತ್ತಾನೆ.

ಆ ಮುಖ್ಯಸ್ಥರು ಬೇರೆ ಕಾಲೇಜಿಗೆ ಹೋದರು. ಕೆಲಸ ಶಹನಾಜ್ ಮೇಡಂ ಅವರ ಕೈಗೆ ಬಂತು. ನವಲಗುಂದದವರು, ಜಮಖಾನೆ ನೇಯುವ ಮನೆಯ ಹೆಣ್ಣುಮಗಳು. ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವರು. ನಾನು ಕೆಲಸ ಮಾಡಿದ ಮೇಲಧಿಕಾರಿಗಳಲ್ಲಿ ಅವರಷ್ಟು ನನಗೆ ಹಿಡಿಸಿದವರು ಇನ್ನೊಬ್ಬರಿಲ್ಲ. ಇದನ್ನು ಅವರೆದುರು ಹೇಳಿದ್ದರೆ ಬೈಯುತ್ತಿದ್ದರು, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ. ಮಿಲ್ಲಿಗೆ ಮೊದಲ ಸಲ ಬಂದಾಗ ಅವರು ಲ್ಯಾಪ್‌ಟಾಪ್ ತೆರೆಯಲಿಲ್ಲ. ಒಂದು ಬೇಲಿನ ಮೇಲೆ ಕೂತು ಇಡೀ ಮಧ್ಯಾಹ್ನ ಗೋದಾಮನ್ನು ನೋಡಿದರು. ಸೈರನ್ ಕೂಗಿತು. ಎಲ್ಲರೂ ಊಟಕ್ಕೆ ಹೋದರು. ಮೇಡಂ ನನ್ನ ಕಡೆ ತಿರುಗಿ ಕೇಳಿದರು.

‘ಜಳಕಕ್ಕ ನೀರು ಕಾದಾವೇನು ಅಂತ ಮನ್ಯಾಗ ಕೇಳಿದ್ರ ಏನ್ ಹೇಳ್ತಾರ್ರಿ?’

‘ಇನ್ನೊಂದೀಟು ಕಾಯಬೇಕು ಅಂತಾರ್ರಿ.’

‘ನಲವತ್ತೈದು ಆಗಿಲ್ಲ ಅಂತ ಯಾರರ ಅಂತಾರೇನು?’

ಫಜಿ ಲಾಜಿಕ್ ಎಂದರೆ ಇಷ್ಟೇ ನೋಡಿ. ಪಠ್ಯಪುಸ್ತಕದಲ್ಲಿ ಅದಕ್ಕೆ ‘ಅಸ್ಪಷ್ಟ ತರ್ಕ’ ಎಂದು ಹೆಸರಿಟ್ಟಿದ್ದಾರೆ. ಇಟ್ಟವರಿಗೆ ಅದು ಅರ್ಥವಾಗಿರಲಿಲ್ಲ ಎಂಬುದು ನನ್ನ ಗುಮಾನಿ. ತರ್ಕ ಅಸ್ಪಷ್ಟವಲ್ಲ, ಜಗತ್ತಿನ ಅಂಚುಗಳು ಅಸ್ಪಷ್ಟ. ಮೂವತ್ತೆಂಟು ಡಿಗ್ರಿಯನ್ನು ಅದು ಬೆಚ್ಚಗೆ ಎಂದೂ ಹಿಡಿಯುತ್ತದೆ, ಬಿಸಿ ಎಂದೂ ಹಿಡಿಯುತ್ತದೆ. ಬೆಚ್ಚಗಿನ ಪಾಲು ಹೆಚ್ಚು, ಬಿಸಿಯ ಪಾಲು ಕಡಿಮೆ. ಹೊಗೆಗೂ ಹಾಗೇ, ಗಾಳಿಯ ತೇವಕ್ಕೂ ಹಾಗೇ, ಹೊಗೆ ಕಣ್ಣಿಗೆ ಕಾಣುವ ಮೊದಲೇ ಹೊರಡುವ ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕೂ ಹಾಗೇ. ಆಮೇಲೆ ನಿಯಮಗಳು. ‘ಬಿಸಿ ಸ್ವಲ್ಪ ಏರಿದೆ, ಅನಿಲ ಸ್ವಲ್ಪ ಇದೆ, ತೇವ ಕಡಿಮೆಯಾಗಿದೆ, ಪಕ್ಕದ ಡಬ್ಬಿಯೂ ಹಾಗೇ ಹೇಳುತ್ತಿದೆ, ಹಾಗಾದರೆ ಅನುಮಾನ ಜಾಸ್ತಿ.’ ಒಂದೊಂದೇ ನೋಡಿದರೆ ಯಾವುದೂ ಗೆರೆ ದಾಟಿರುವುದಿಲ್ಲ. ಎಲ್ಲ ಕೂಡಿ ನೋಡಿದರೆ ಏನೋ ಹೇಳುತ್ತಿರುತ್ತವೆ. ಮೇಡಂ ಈ ನಿಯಮಗಳನ್ನು ಲ್ಯಾಬಿನ ಕರಿಹಲಗೆಯ ಮೇಲೆ ಬರೆಯುತ್ತಿದ್ದರು, ಒರೆಸುತ್ತಿದ್ದರು, ಮತ್ತೆ ಬರೆಯುತ್ತಿದ್ದರು. ಅವರ ಓಢಣಿಯ ಅಂಚು ಯಾವಾಗಲೂ ಸೀಮೆಸುಣ್ಣದ ಪುಡಿಯಿಂದ ಬೆಳ್ಳಗಿರುತ್ತಿತ್ತು.

ನನಗೆ ಅವರು ಮಾಡಿದ ದೊಡ್ಡ ಉಪಕಾರ ಬ್ಯಾಟರಿಯದು. ಗೋದಾಮಿನ ಒಂದೊಂದು ಭಾಗದಲ್ಲಿ ಒಂದು ಡಬ್ಬಿ ಉಳಿದವುಗಳ ಮಾತನ್ನೆಲ್ಲ ಕೂಡಿಸಿಕೊಂಡು ಆಫೀಸಿಗೆ ಮುಟ್ಟಿಸಬೇಕು. ಮೊದಲು ಆಫೀಸಿಗೆ ಹತ್ತಿರವಿದ್ದ ಡಬ್ಬಿಗೇ ಈ ಗೌಡಕಿ, ಈ ಯಜಮಾನಿಕೆ. ಪಾಪ, ಎಲ್ಲರ ಮಾತು ಹೊತ್ತು ಅದರ ಬ್ಯಾಟರಿ ಬೇಗ ಸಾಯುತ್ತಿತ್ತು, ನಾನು ಏಣಿ ಹೊತ್ತುಕೊಂಡು ಓಡುತ್ತಿದ್ದೆ. ಮೇಡಂ ಇಲ್ಲಿಯೂ ಅದೇ ಲೆಕ್ಕ ತಂದರು. ಯಾರ ಬ್ಯಾಟರಿ ಗಟ್ಟಿ, ಯಾರು ಎಲ್ಲರಿಗೂ ಹತ್ತಿರ, ಯಾರ ಸುತ್ತ ನೆರೆಯವರು ಹೆಚ್ಚು ಎಂದು ತೂಗಿ, ಡಬ್ಬಿಗಳು ತಮ್ಮೊಳಗೇ ಪಾಳಿಯ ಮೇಲೆ ಗೌಡಕಿ ಮಾಡತೊಡಗಿದವು. ಊರ ಗೌಡಕಿಗೂ ಈ ಬುದ್ಧಿ ಬಂದಿದ್ದರೆ ಎಷ್ಟೋ ಜನ ಕೋರ್ಟು ಕಟ್ಟೆ ಹತ್ತುವುದು ತಪ್ಪುತ್ತಿತ್ತು. ನನ್ನ ಮಂಡಿನೋವು ಕಡಿಮೆಯಾದದ್ದಂತೂ ಖರೆ.

ಇಷ್ಟಾದ ಮೇಲೂ ಒಂದು ಫಜೀತಿ ಆಯಿತು. ಮಹಾನವಮಿಯ ಖಂಡೇಪೂಜೆಗೆ ಮಿಲ್ಲಿನ ಎಲ್ಲ ಯಂತ್ರಗಳನ್ನೂ ತೊಳೆದು ಪೂಜಿಸುತ್ತಾರೆ. ಹಬ್ಬ ಮುಗಿಸಿ ಬಂದು ನೋಡಿದರೆ ಕಂಪ್ಯೂಟರಿನಲ್ಲಿ ಗೋದಾಮು ಸಮಾಧಿ ಹೊಕ್ಕಂತೆ ಶಾಂತ. ತೇವ ಏರುವುದಿಲ್ಲ, ಇಳಿಯುವುದಿಲ್ಲ. ಯಂತ್ರ ಕೆಟ್ಟಿತೆಂದು ಏಣಿ ಹತ್ತಿದರೆ, ಪ್ರತಿ ಡಬ್ಬಿಗೂ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ, ಮೇಲೊಂದು ಚೆಂಡುಹೂ. ವಿಭೂತಿಯನ್ನು ನೀರಿನಲ್ಲಿ ಕಲಸಿ ಭಕ್ತಿಯಿಂದ ಬಳಿದದ್ದು ಸರಿಯಾಗಿ ಜಾಳಿಗೆಯ ಮೇಲೆ, ಡಬ್ಬಿ ಉಸಿರಾಡುವ ಜಾಗದಲ್ಲಿ. ಮುಖದಂತೆ ಕಾಣುವುದು ಅದೇ ತಾನೆ. ಪೂಜೆ ಮಾಡಿಸಿದವರು ಮ್ಯಾನೇಜರ್ ಶಿವಲಿಂಗಪ್ಪನವರೇ. ‘ಬೆಂಕಿ ಕಾಯೂ ದೇವ್ರಲ್ರಿ ಇವು, ಹಂಗ ಬಿಡಾಕ ಬರ್ತದೇನು?’ ಎಂದರು. ನನಗೆ ಸಿಟ್ಟು ಬಂತು. ಮೇಡಂ ನಕ್ಕುಬಿಟ್ಟರು. ಮರುದಿನ ಪ್ರತಿ ಡಬ್ಬಿಯ ಮುಚ್ಚಳದ ಮೇಲೆ ಜಾಳಿಗೆಯಿಂದ ದೂರ ಕೆಂಪು ಬಣ್ಣದಲ್ಲಿ ಒಂದು ದುಂಡನೆಯ ಗುರುತು ಬರೆಸಿದರು. ‘ಪೂಜಿ ಇಲ್ಲೆ ಮಾಡ್ರಿ’ ಎಂದರು. ಇಂದಿಗೂ ಪೂಜೆ ಅಲ್ಲೇ ಆಗುತ್ತದೆ. ಬೇಡವೆನ್ನುವುದರ ಬದಲು ಜಾಗ ತೋರಿಸುವುದು ಅವರ ರೀತಿ.

ಗುರುವಾರದ ಲೋಬಾನಕ್ಕೂ ಅವರು ಹಾಗೇ ಜಾಗ ಮಾಡಿಕೊಟ್ಟರು. ಆ ಮಿಲ್ಲಿನಲ್ಲಿ ಗೇಟಿನ ಹತ್ತಿರವೇ ಬೀಡಿ, ಬೆಂಕಿಪೊಟ್ಟಣ ಇಸಿದುಕೊಳ್ಳುತ್ತಾರೆ. ಆದರೆ ಗುರುವಾರ ಮತ್ತು ಹೊಸ ಮಾಲಿನ ಮೊದಲ ಲಾರಿ ಹೊರಡುವ ದಿನ ಮೌಲಾಸಾಬರು ಕೆಂಡದ ಮೇಲೆ ಲೋಬಾನದ ಧೂಪ ಹಾಕಿ ಗೋದಾಮಿನ ಒಂದೊಂದು ಬಾಗಿಲಿನ ಹೊರಗೂ ನಿಂತು, ಹೊಗೆಯನ್ನು ನವಿಲುಗರಿಯಿಂದ ಒಳಗೆ ಬೀಸುತ್ತಾರೆ. ಶಿವಲಿಂಗಪ್ಪನವರು ಪಕ್ಕದಲ್ಲಿ ಕಾಯಿ ಹಿಡಿದು ನಿಂತಿರುತ್ತಾರೆ. ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ ಎಂಬ ಗಾದೆ ಅಲ್ಲಿ ನಡೆಯುವುದಿಲ್ಲ. ಹಳೆಯ ವ್ಯವಸ್ಥೆ ಗುರುವಾರಕ್ಕೊಮ್ಮೆ ತಪ್ಪದೆ ಕೂಗುತ್ತಿತ್ತು, ಅದಕ್ಕೆ ಆ ಹೊತ್ತು ಅದರ ಬಾಯಿ ಕಟ್ಟುತ್ತಿದ್ದರು. ಮೇಡಂ ಬಾಯಿ ಕಟ್ಟಿಸಲಿಲ್ಲ. ಎರಡು ಮೂರು ಗುರುವಾರ ಬಂದು ಲೋಬಾನದ ಹೊಗೆಯ ನಡೆ ನೋಡಿದರು. ಅದು ಒಮ್ಮೆಲೇ ಏರುತ್ತದೆ, ಎಲ್ಲ ಮೂಲೆಗೂ ಹರಡುತ್ತದೆ, ಬಿಸಿ ತರುವುದಿಲ್ಲ, ಬೇಗ ಇಳಿಯುತ್ತದೆ. ಅಂಥ ಹೊಗೆಗೆ ಅನುಮಾನ ಕಡಿಮೆ ಎಂದು ಇದನ್ನೂ ನಿಯಮಗಳಲ್ಲಿ ಸೇರಿಸಿದರು. ಕರಿಹಲಗೆಯ ಮೇಲೆ ಅದರ ಹೆಸರು ‘ಲೋಬಾನದ ನಿಯಮ’. ಜಗತ್ತಿನ ಯಾವ ಸ್ಲೈಡಿನಲ್ಲೂ ಇದು ನಿಮಗೆ ಸಿಗುವುದಿಲ್ಲ.

ಕೊನೆಗೆ ಅವರು ಸೈರನ್ನಿನ ಜೊತೆಗೆ ಪ್ರತಿ ಮೂಲೆಯ ಗೋಡೆಗೂ ಒಂದು ದೀಪ ಹಾಕಿಸಿದರು. ಹಸಿರು ಎಂದರೆ ಕೆಲಸ ನಡೆಯಲಿ. ಕೆಂಪು ಎಂದರೆ ಸೈರನ್, ಎಲ್ಲರೂ ಹೊರಗೆ. ನಡುವಿನ ಹಳದಿಗೆ ಸೈರನ್ ಇಲ್ಲ. ಆ ಮೂಲೆಯ ಬೇಲುಗಳನ್ನು ಪಟ್ಟಿ ಬಿಚ್ಚದೆ ಹೊರಗಿನ ಬಯಲಿಗೆ ತಂದು, ಬಿಡಿಬಿಡಿಯಾಗಿ ಇಟ್ಟು ಕಾಯಬೇಕು. ‘ಅಳತಿ ಒಳಗ ನಡುವಿನ ಮಾತು ಇಟ್ಟು, ಕೆಲಸದಾಗ ನಡುವಿನ ಕೆಲಸ ಇಡದಿದ್ರ ಏನ್ ಬಂತ್ರಿ?’ ಎಂದರು ಮೇಡಂ. ಆ ಮಾತು ನನಗೆ ಅವರ ಎಲ್ಲ ನಿಯಮಗಳಿಗಿಂತ ದೊಡ್ಡದಾಗಿ ಕಂಡಿತು. ಶಿವಲಿಂಗಪ್ಪನವರಿಗೆ ಹಳದಿ ದೀಪ ಹಿಡಿಸಲಿಲ್ಲ. ‘ಅಡ್ಡಗ್ವಾಡಿ ಮ್ಯಾಲ ದೀಪ ಇಟ್ಟಂಗಾತು ಇದು’ ಎಂದರು. ಮೌಲಾಸಾಬರ ಹಳೆಯ ಮಾತು ಹಾಗೇ ನಿಂತಿತ್ತು.

ಆ ವರ್ಷದ ಮೊದಲ ಲಾರಿ ಹೊರಡುವ ದಿನ ನಾನು ಬ್ಯಾಟರಿ ನೋಡಲು ಅಲ್ಲೇ ಇದ್ದೆ. ಲೋಬಾನ ಆಯಿತು, ಕಾಯಿ ಒಡೆದರು. ನಾಲ್ಕೂ ದೀಪ ಹಳದಿಯಾದವು. ಇಷ್ಟಕ್ಕೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ, ದಟ್ಟ ಹೊಗೆಗೆ ಒಂದಿಷ್ಟು ಹೊತ್ತು ಹಾಗಾಗುವುದು ಗೊತ್ತಿತ್ತು. ಹೊಗೆ ಇಳಿಯಿತು. ಮೂರು ದೀಪ ಹಸಿರಾದವು. ಬಾವಿಯ ಕಡೆಯ ಮೂಲೆಯದು ಹಳದಿಯಾಗಿಯೇ ಉಳಿಯಿತು. ಲಾರಿಗೆ ಹೇರಬೇಕಾದ ಮಾಲು ಅದೇ ಮೂಲೆಯದು.

‘ಈಗರ ಲೋಬಾನ ಹಾಕ್ಯಾರ, ಅದರ ಹೊಗಿ’ ಎಂದರು ಶಿವಲಿಂಗಪ್ಪನವರು. ‘ಹೇರ್ರಿ, ಲಾರಿ ನಿಂತೈತಿ.’

‘ಮೂರು ಮೂಲಿ ಹಸರ ಆದವಲ್ರಿ’ ಎಂದೆ. ‘ಇದೊಂದ ಯಾಕ ಆಗವಲ್ದು?’

ಕೈಯಿಟ್ಟು ನೋಡಿದೆ, ಬೇಲುಗಳು ತಣ್ಣಗಿದ್ದವು. ಹಮಾಲರು ಕೊಕ್ಕೆ ಹಿಡಿದು ಮುಕಾದಮರ ಮುಖ ನೋಡುತ್ತಿದ್ದರು. ನಾನು ಹುಬ್ಬಳ್ಳಿಗೆ ಫೋನ್ ಹಚ್ಚಿದೆ. ಮೇಡಂ ತಮ್ಮ ಕಂಪ್ಯೂಟರಿನಲ್ಲಿ ಆ ಮೂಲೆಯನ್ನೇ ನೋಡುತ್ತಿದ್ದರು.

‘ಬಿಸಿ ಹೆಚ್ಚೇನಿಲ್ರಿ, ಅನಿಲ ಒಂದೀಟ ಏರೇತಿ, ಇಳಿವಲ್ದು’ ಎಂದರು. ‘ಬಾಜುದ್ದೊಂದು ಡಬ್ಬಿ ಹೌದು ಅಂತೈತಿ, ಇನ್ನೊಂದು ಏನೂ ಇಲ್ಲ ಅಂತೈತಿ.’

ಮೌಲಾಸಾಬರು ಕೈ ಚಾಚಿ ಫೋನ್ ಇಸಿದುಕೊಂಡರು. ಸ್ಪೀಕರ್ ಹಾಕಿದ್ದರಿಂದ ಎಲ್ಲರಿಗೂ ಕೇಳಿಸುತ್ತಿತ್ತು.

‘ಮೇಡಂ, ಒಂದ ಮಾತ ಹೇಳ್ರಿ. ಬೆಂಕಿ ಐತೋ ಇಲ್ಲೋ?’

‘ಗೊತ್ತಿಲ್ರಿ ಕಾಕಾ.’

‘ಗೊತ್ತಿಲ್ಲ ಅಂದ್ರ ಹ್ಯಾಂಗ್ರಿ?’

‘ಐತಿ ಅನ್ನಾಕ ಪುರಾವಿ ಸಾಲವಲ್ದು, ಇಲ್ಲ ಅನ್ನಾಕ ಧೈರ್ಯ ಸಾಲವಲ್ದು. ಅನುಮಾನ ಐತಿ, ಅದು ಸಣ್ಣದಲ್ಲ. ಅಷ್ಟ ಹೇಳಬಲ್ಲೆ.’

ಮೌಲಾಸಾಬರು ಫೋನ್ ನನ್ನ ಕೈಗೆ ಕೊಟ್ಟರು.

‘ಯಂತ್ರ ಹಚ್ಚಾಕ ಬಂದವ್ರು ಇಲ್ಲೀತನ ಯಾರೂ ಗೊತ್ತಿಲ್ಲ ಅಂದಿದ್ದಿಲ್ರಿ ಗುರುಸಿದ್ದಪ್ಪಾರ. ಈ ತಂಗಿ ಅಂದ್ಲು ನೋಡ್ರಿ’ ಎಂದು, ತಮ್ಮವರ ಕಡೆ ತಿರುಗಿದರು. ‘ಲೇ, ಲಾರಿ ಬಿಡ್ರಿ. ಆ ಮೂಲಿ ಬೇಲ್ ಅಷ್ಟೂ ಬಯಲಿಗೆ ಹಾಕೂಣು ಬರ್ರಿ.’

‘ಏನೂ ಇಲ್ಲಂದ್ರ?’ ಎಂದರು ಶಿವಲಿಂಗಪ್ಪನವರು.

‘ಏನೂ ಇಲ್ಲಂದ್ರ ತಿರುಗಿ ಒಟ್ಟತೀವ್ರಿ. ಅದಕ್ಕೇನ್ ಜೀವಾ ಹೋಗತೈತಿ?’

ಬೇಲೆಂದರೆ ಎತ್ತಿ ಹೆಗಲಿಗಿಟ್ಟುಕೊಳ್ಳುವ ಮೂಟೆಯಲ್ಲ. ಕೊಕ್ಕೆ ಹಾಕಿ, ಉರುಳಿಸಿ, ಕೈಗಾಡಿಗೆ ಹತ್ತಿಸಿ ತರಬೇಕು. ಅವರು ತಂದರು. ಬಯಲಿನಲ್ಲಿ ಒಂದಕ್ಕೊಂದು ತಾಗದಂತೆ ಇಟ್ಟರು. ನಾನೂ ನೀರಿನ ಪೈಪು ಎಳೆದಿಟ್ಟೆ. ಬಿಸಿಲಿಗೆ ಬೇಲುಗಳು ಬೆಳ್ಳಗೆ ಹೊಳೆಯುತ್ತಿದ್ದವು. ಏನೂ ಆಗಲಿಲ್ಲ. ಬಾವಿ ಮೂಲೆಯ ದೀಪ ಹಸಿರಾಯಿತು. ಬೇರೆ ಮೂಲೆಯ ಮಾಲು ಹೇರಿಸಿ ಲಾರಿ ಕಳಿಸಿದ ಶಿವಲಿಂಗಪ್ಪನವರು ಮೀಸೆಯಡಿ ನಗುತ್ತಾ ನನ್ನ ಮುಂದೆ ಎರಡು ಸಲ ಹಾದುಹೋದರು. ನಾನು ಅವರ ಮುಖ ನೋಡಲಿಲ್ಲ. ಡಬ್ಬಿಗಳ ಮೇಲೆ, ಮೇಡಂ ಮೇಲೆ, ಬೇಲು ಕಾಯುತ್ತಾ ಕೂತಿದ್ದ ಮೌಲಾಸಾಬರ ಮೇಲೆ ನನಗೆ ಅಯ್ಯೋ ಅನಿಸುತ್ತಿತ್ತು.

ಹೊತ್ತು ಇಳಿಯತೊಡಗಿದಾಗ ಒಂದು ಬೇಲಿನ ಮಗ್ಗುಲ ಮೇಲೆ ಚಹಾದ ಕಲೆಯಂಥ ಒಂದು ಕಂದು ಮಚ್ಚೆ ಕಂಡಿತು. ಮೌಲಾಸಾಬರು ಎಲ್ಲರನ್ನೂ ಹಿಂದೆ ಸರಿಸಿದರು. ಉದ್ದನೆಯ ಕತ್ತರಿಯಿಂದ ತಾವೇ ಪಟ್ಟಿ ಕತ್ತರಿಸಿದರು. ಒತ್ತಿದ ಅರಳೆ ಉಬ್ಬಿ ಬಾಯಿ ಬಿಟ್ಟಿತು. ಒಳಗೆ ಬುಟ್ಟಿಯಷ್ಟು ಕರಿ ಗೂಡು. ಗಾಳಿ ತಾಗಿದ ಕೂಡಲೇ ಅದರ ಅಂಚೆಲ್ಲ ಕೆಂಪಾಗಿ, ಒಂದು ಮಾರು ಉರಿ ಎದ್ದಿತು. ನಾನು ನೀರು ಬಿಟ್ಟೆ. ಗಡಿಬಿಡಿಯಲ್ಲಿ ಅರ್ಧ ನೀರು ಶಿವಲಿಂಗಪ್ಪನವರ ಧೋತರಕ್ಕೆ ಹೋಯಿತು. ಅವರು ಗೋದಾಮಿನ ಕಡೆ ನೋಡುತ್ತಾ, ‘ಒಳಗ ಇದ್ದಿದ್ರ’ ಎಂದರು.

ಮೌಲಾಸಾಬರು ಬಾವಿಯ ಕಟ್ಟೆಯ ಮೇಲೆ ಕೂತು ತಮ್ಮನಿಗೆ ಫೋನ್ ಮಾಡಿದರು. ಅವರು ಮನೆಯಲ್ಲಿ ಉರ್ದು ಆಡುತ್ತಾರೆ, ಆದರೆ ಅಂದು ಕನ್ನಡದಲ್ಲೇ ಹೇಳಿದರು, ಬಹುಶಃ ನಮಗೂ ಕೇಳಲಿ ಎಂದು. ‘ಬಾಬು, ಇವತ್ತ ಬೆಂಕಿ ಬಂದಿತ್ತಪಾ. ನಾವು ಎಲ್ಲಾರೂ ಹೊರಗ ಇದ್ವಿ.’ ಅದನ್ನು ಕೇಳಿ ನನಗೆ ಅಳು ಬಂತು. ಇಷ್ಟು ವರ್ಷ ಬೆಸುಗೆ ಹಾಕಿದ್ದು ಸಾರ್ಥಕವಾಯಿತು ಅನಿಸಿತು.

ಕಥೆ ಇಲ್ಲಿಗೇ ನಿಲ್ಲಿಸಿದರೆ ನೀವು ಫಜಿ ಲಾಜಿಕ್ ಎಂದರೆ ಬೆಂಕಿ ಹಿಡಿದುಕೊಡುವ ಮಂತ್ರ ಎಂದುಕೊಳ್ಳುತ್ತೀರಿ. ನಾನು ಹೇಳಬೇಕಾದ್ದು ಅದಕ್ಕಿಂತ ಮುಂದಿನದು. ನಾನು ನಿವೃತ್ತನಾಗುವ ಮುಂಚಿನ ಕೊನೆಯ ಹಂಗಾಮಿನಲ್ಲಿ, ಒಂದು ಮಧ್ಯಾಹ್ನ, ರಸ್ತೆಯ ಕಡೆಯ ಮೂಲೆಯಲ್ಲಿ ಹಳದಿ ದೀಪ ಹೊತ್ತಿತು. ಅಂದು ಮೇಡಂ ಕೂಡ ಬಂದಿದ್ದರು. ಸರಿಯಾಗಿ ಊಟದ ಹೊತ್ತು, ಹಮಾಲರು ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚುತ್ತಿದ್ದರು. ಬಿಚ್ಚಿದ ಗಂಟನ್ನು ಹಾಗೇ ಕಟ್ಟಿಟ್ಟು ಎದ್ದರು. ಯಾರೂ ಕೂಗಲಿಲ್ಲ, ಓಡಲಿಲ್ಲ. ಬೇಲುಗಳು ಒಂದೊಂದಾಗಿ ಬಯಲಿಗೆ ಬಂದವು. ದೀಪ ಹಸಿರಾಗಲಿಲ್ಲ. ಏಣಿ ಹತ್ತಿ ನೋಡಿದೆ. ರಸ್ತೆ ಬದಿ ಯಾರೋ ಕಸ ಸುಡುತ್ತಿದ್ದರು, ಅದರ ಬಿಸಿಹೊಗೆ ಒಡೆದ ತಗಡಿನ ಸಂದಿಯಿಂದ ಆ ಮೂಲೆಗೆ ಮಾತ್ರ ನುಗ್ಗುತ್ತಿತ್ತು. ಬೇಲಿನಲ್ಲಿ ಏನೂ ಇರಲಿಲ್ಲ.

ಮೇಡಂ ಮುಖ ಸಣ್ಣದಾಯಿತು. ‘ತಪ್ಪ ಆತು ಕಾಕಾ. ಸುಮ್ಮ ತ್ರಾಸ ಕೊಟ್ವಿ. ಊಟದ ಹೊತ್ತು ಬ್ಯಾರೆ.’

ಮೌಲಾಸಾಬರು ಹೆಗಲ ಮೇಲಿನ ವಸ್ತ್ರದಿಂದ ಬೆವರು ಒರೆಸಿಕೊಂಡರು. ‘ತಪ್ಪೇನೈತ್ರಿ ಇದರಾಗ? ಬೆಂಕಿ ಐತಿ ಅಂತ ಅದು ಹೇಳಿದ್ದಿಲ್ಲಲ್ಲ. ನೋಡ್ರಿ ಅಂತು, ನೋಡಿದ್ವಿ’ ಎಂದರು. ತಮ್ಮವರೆಲ್ಲ ಹೊರಗೆ ಬಂದಿದ್ದಾರೆಯೇ ಎಂದು ಒಮ್ಮೆ ಕಣ್ಣಾಡಿಸಿ, ಬೇವಿನ ಮರದ ಕಡೆ ಹೆಜ್ಜೆ ಹಾಕಿದರು.

‘ನಡೀರಿ, ಈಗ ಊಟ ಮಾಡೂಣು.’